ಕಾಜಾ ಕಣ್ಣು, ಗುಂಡಿ ಕಣ್ಣು: ನಮ್ಮ ಶೆಟ್ಲಿಯ ಬಬಲ್ ಬ್ಯಾಗು

ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗು. ಅದಕ್ಕೊಂದು ಗುಮ್ಮಟದಂಥ ಪ್ಲಾಸ್ಟಿಕ್ ಕಿಟಕಿ. ಅದರೊಳಗಿಂದ ಬೆಕ್ಕು ಹೊರಗೆ ನೋಡುತ್ತಾ ಕೂತಿರುತ್ತದೆ. ನೀವೂ ಕಂಡಿರ್ತೀರಿ. ಫೋನಿನಲ್ಲಿ ಬೆಕ್ಕಿನ ವಿಡಿಯೋ ಒಂದು ನೋಡಿದರೆ ಸಾಕು, ಆಮೇಲೆ ಎಲ್ಲಿ ಹೋದರೂ ಇದೇ ಜಾಹೀರಾತು. ಏಪ್ರಿಲ್ ಕೊನೆಗೆ ನಾನೂ ತರಿಸಿದೆ. 1,499 ರೂಪಾಯಿ. ಮಗಳು ಹಟ ಮಾಡಿದಳು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಆಸೆಪಟ್ಟವಳು ನಾನೇ.

ಕಾರವಾರದ ಕೋಡಿಬಾಗದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ನನ್ನದು. ಬ್ಲೌಸು, ಫಾಲು, ಜೂನ್ ಬಂತೆಂದರೆ ಶಾಲೆ ಮಕ್ಕಳ ಯೂನಿಫಾರ್ಮು. ಇಪ್ಪತ್ತೆರಡು ವರ್ಷ ಆಯ್ತು. ಹಾಗಾಗಿ ಯಾವ ಬ್ಯಾಗು ಕೈಗೆ ಬಂದರೂ ಮೊದಲು ಮಗುಚಿ ಒಳಗಿನ ಹೊಲಿಗೆ ನೋಡುತ್ತೇನೆ. ಇದನ್ನೂ ನೋಡಿದೆ. ಭುಜದ ಪಟ್ಟಿಗೆ ಅಡ್ಡ, ಉದ್ದ, ಮತ್ತೆ ಗುಣಿಸು ಚಿಹ್ನೆಯ ಹಾಗೆ ಹೊಲಿಗೆ ಹಾಕಿದ್ದರು. ಗಟ್ಟಿ ಕೆಲಸ. ಜಿಪ್ಪು ಐದನೇ ನಂಬರಿನದು, ಎಂಟು ಇರಬೇಕಿತ್ತು. ರನ್ನರ್ ಎರಡು ಸಲ ಎಳೆದರೇ ಸಿಕ್ಕಿಕೊಂಡಿತು. ಒಳಗಿನ ಅಸ್ತರ್ ತೆಳು ಪಾಲಿಯೆಸ್ಟರು, ಉಗುರು ತಾಗಿದರೆ ದಾರ ಏಳುವಂಥದ್ದು. ಗಾಳಿಗೆ ಅಂತ ಎರಡು ಪಕ್ಕದಲ್ಲಿ ನೆಟ್ ಬಟ್ಟೆ ಇತ್ತು. ಟೇಪು ಹಿಡಿದೆ. ನಾಲ್ಕು ಇಂಚು ಅಗಲ, ಅಷ್ಟೇ. ಅದರಲ್ಲೂ ಅರ್ಧ ಭಾಗಕ್ಕೆ ಹಿಂದೆ ಬಟ್ಟೆ ಕೊಟ್ಟಿದ್ದರು, ಅಂದರೆ ನೆಟ್ಟು ಬರೀ ಚಂದಕ್ಕೆ. ತಳಕ್ಕೆ ಹಲಗೆಯಿಲ್ಲ, ಒಂದು ಸ್ಪಂಜು ಮಾತ್ರ. ಗುಮ್ಮಟ ತಿರುಗಿಸಿ ಬಿಚ್ಚಬಹುದು, ಅದರ ಬದಲಿಗೆ ಹಾಕಿಕೊಳ್ಳಲು ಒಂದು ದುಂಡು ನೆಟ್ಟನ್ನೂ ಕೊಟ್ಟಿದ್ದರು. ಅದನ್ನು ನಾನು ಆವತ್ತು ಡ್ರಾಯರಿಗೆ ಹಾಕಿಟ್ಟೆ. ಗುಮ್ಮಟ ಬಿಟ್ಟು ನೆಟ್ ಹಾಕೋದಾದರೆ ಈ ಬ್ಯಾಗು ಯಾಕೆ ಬೇಕು, ಅಲ್ವಾ?

ಬೆಕ್ಕಿನ ಹೆಸರು ಶೆಟ್ಲಿ. ನಮ್ಮ ಕಡೆ ಸಿಗಡಿಗೆ ಹಾಗನ್ನುತ್ತಾರೆ. ಮೀನು ಮಾರುವ ಅಕ್ಕ ಒಬ್ಬರು ಬುಟ್ಟಿಯ ಮೂಲೆಯಲ್ಲಿ ಇಟ್ಟುಕೊಂಡು ಬಂದು ನಮ್ಮ ಜಗಲಿ ಮೇಲೆ ಬಿಟ್ಟುಹೋದ ಮರಿ. ಮೈ ಕೇಸರಿ ಬಣ್ಣ, ಮಲಗಿದರೆ ಬೇಯಿಸಿದ ಶೆಟ್ಲಿಯ ಹಾಗೆ ಸುರುಳಿ. ಈಗ ಎರಡು ವರ್ಷದ ಗಂಡು, ನಾಲ್ಕು ಕಿಲೋ ಚಿಲ್ಲರೆ. ಯಾವಾಗಲೂ ನನ್ನ ಮಿಷನ್ನಿನ ಮೇಜಿನ ಮೇಲೇ ಇರ್ತಾನೆ.

ಮೇ ತಿಂಗಳಲ್ಲಿ ಅವನಿಗೆ ವರ್ಷದ ರೇಬೀಸ್ ಲಸಿಕೆ ಹಾಕಿಸಬೇಕಿತ್ತು. ಬ್ಯಾಗಿಗೆ ಹಾಕಿದೆ. ಹಾಕಿದೆ ಅಂತ ಒಂದು ಮಾತಿನಲ್ಲಿ ಬರೆದೆ, ನನ್ನ ಮೊಣಕೈ ನೋಡಿದ್ದರೆ ನಿಮಗೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಹನ್ನೊಂದರ ಬಿಸಿಲು. ಮಳೆ ಶುರುವಾಗುವ ಮುಂಚಿನ ಕಾರವಾರದ ಸೆಖೆ, ನಿಂತಲ್ಲೇ ಬೆನ್ನು ಒದ್ದೆ. ಆಟೋದಲ್ಲಿ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡೆ. ಗುಮ್ಮಟದಿಂದ ಶೆಟ್ಲಿ ನನ್ನನ್ನೇ ನೋಡುತ್ತಿದ್ದ. ದೊಡ್ಡ ದುಂಡು ಕರಿ ಕಣ್ಣು. ನಾನು ಫೋಟೋ ತೆಗೆದೆ. ತಂಗಿಗೆ ಕಳಿಸಿದೆ. ಅಂಕೋಲೆಯಿಂದ ಅವಳು ನಾಲ್ಕು ಹೃದಯ ಕಳಿಸಿದಳು.

ಆಟೋದವರು ಕನ್ನಡಿಯಲ್ಲಿ ನೋಡಿ, "ಅಕ್ಕಾ, ನಿಮ್ಮ ಬೆಕ್ಕು ನಗ್ತಾ ಉಂಟು" ಅಂದರು.

ಬಾಯಿ ತೆರೆದಿತ್ತು, ನಿಜ. ನಾಲಿಗೆ ಸ್ವಲ್ಪ ಹೊರಗೆ. ನಾನೂ ನಕ್ಕೆ.

ದನದ ಆಸ್ಪತ್ರೆಯ ಡಾಕ್ಟರಮ್ಮ ನಗಲಿಲ್ಲ. ಬ್ಯಾಗನ್ನು ಮೇಜಿನ ಮೇಲಿಟ್ಟ ತಕ್ಷಣ ಜಿಪ್ಪು ತೆಗೆದು, ಫ್ಯಾನ್ ಅವನ ಕಡೆ ತಿರುಗಿಸಿದರು. "ನಾಯಿ ಬಾಯಿ ತೆರೆದು ಉಸಿರಾಡೋದು ಸಹಜ. ಬೆಕ್ಕು ಹಾಗೆ ಮಾಡಿದರೆ ಸೆಖೆ ತಡೆಯೋಕಾಗ್ತಿಲ್ಲ, ಇಲ್ಲಾ ವಿಪರೀತ ಹೆದರಿದೆ, ಇಲ್ಲಾ ಎದೆಯಲ್ಲಿ ಏನೋ ತೊಂದರೆ ಉಂಟು ಅಂತ ಅರ್ಥ." ಆಮೇಲೆ ಗುಮ್ಮಟದ ಒಳಮೈಗೆ ಬೆರಳಿಟ್ಟು ತೋರಿಸಿದರು. ಸಣ್ಣ ಸಣ್ಣ ಒದ್ದೆ ಗುರುತು, ಹೂವಿನ ಅಚ್ಚು ಒತ್ತಿದ ಹಾಗೆ. ಶೆಟ್ಲಿಯ ಪಾದ. ಬೆಕ್ಕಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನ ಮೆತ್ತೆ ಬೆವರುತ್ತದೆ. ಹೆದರಿದರೂ ಬೆವರುತ್ತದೆ. ಕೋಡಿಬಾಗದಿಂದ ಅಲ್ಲಿ ತನಕ ಅವನು ಆ ಪ್ಲಾಸ್ಟಿಕ್ಕನ್ನು ತಳ್ಳುತ್ತಲೇ ಬಂದಿದ್ದಾನೆ. ನಾನು ಫೋಟೋ ತೆಗೆಯುತ್ತಿದ್ದೆ.

"ಕಣ್ಣು ನೋಡಿದ್ರಾ?" ಅಂದರು.

"ಎಷ್ಟು ಚಂದ ದುಂಡಗೆ ಆಗಿತ್ತು" ಅಂದೆ. ಅಂದ ಮೇಲೆ ನನಗೇ ಏನೋ ತಪ್ಪಿದೆ ಅನ್ನಿಸಿತು.

"ಹನ್ನೊಂದು ಗಂಟೆ ಬಿಸಿಲಲ್ಲಿ ದುಂಡಗೆ ಯಾಕೆ ಆಗಬೇಕು?"

ಆ ಪ್ರಶ್ನೆಯನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ಬ್ಯಾಗಿಗಿಂತ ಅದೇ ಭಾರ.

ಮರುದಿನ ಮಧ್ಯಾಹ್ನ ಶೆಟ್ಲಿ ಕಿಟಕಿ ಹತ್ತಿರದ ಬಿಸಿಲಲ್ಲಿ ಕೂತಿದ್ದಾಗ ಹತ್ತಿರ ಹೋಗಿ ನೋಡಿದೆ. ಕಣ್ಣಿನ ನಡುವಿನ ಕಪ್ಪು ಒಂದು ಗೆರೆ. ಮೇಲಿಂದ ಕೆಳಗೆ ನೆಟ್ಟಗೆ, ಅಂಗಿಯ ಕಾಜಾ ಹಾಗೆ. ದಾರದಷ್ಟೇ ಸಂದು. ರಾತ್ರಿ ಕರೆಂಟು ಹೋದಾಗ ನೋಡಿದರೆ ಅದೇ ಕಾಜಾ ಬಿಚ್ಚಿಕೊಂಡು ಕೋಟಿನ ಕರಿ ಗುಂಡಿಯಷ್ಟಾಗಿತ್ತು. ಇದು ಬೆಳಕಿನ ಲೆಕ್ಕ. ನಮ್ಮ ಕಣ್ಣಿನ ಪಾಪೆ ಪೂರ್ತಿ ಕಿರಿದಾದದ್ದಕ್ಕೂ ಪೂರ್ತಿ ಅಗಲವಾದದ್ದಕ್ಕೂ ವಿಸ್ತೀರ್ಣದಲ್ಲಿ ಸುಮಾರು 15 ಪಟ್ಟು ವ್ಯತ್ಯಾಸ. ಬೆಕ್ಕಿನದು 135 ಪಟ್ಟು. 2015ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಪಾಪೆಯ ಆಕಾರದ ಮೇಲೆ ಅಧ್ಯಯನ ಮಾಡಿದವರು ಬರೆದ ಲೆಕ್ಕ ಇದು, ಮಗಳು ಹುಡುಕಿ ಓದಿ ಹೇಳಿದಳು. ಅಂದರೆ ಉರಿಬಿಸಿಲಲ್ಲಿ ಆ ಕಣ್ಣು ಕಾಜಾ ಆಗಿಯೇ ಇರಬೇಕು. ಅಲ್ಲಿ ಗುಂಡಿ ಕಂಡರೆ ಅದು ಬೆಳಕಿಗೆ ಆದದ್ದಲ್ಲ. ಒಳಗೆ ಏನೋ ಆಗಿದೆ.

ಆ ರಾತ್ರಿ ಬ್ಯಾಗು ಮಾರುವ ಪುಟ ತೆಗೆದು ಜನ ಹಾಕಿದ ಫೋಟೋಗಳನ್ನು ಮತ್ತೆ ನೋಡಿದೆ. ಕೊಳ್ಳುವ ಮೊದಲು ಇವೇ ಫೋಟೋ ನೋಡಿ ಮರುಳಾಗಿದ್ದೆ. ಈಗ ನೋಡಿದರೆ ಹೊಟ್ಟೆ ಕಿವುಚಿತು. ಬೀಚಿನಲ್ಲಿ, ಪಾರ್ಕಿನಲ್ಲಿ, ಸ್ಕೂಟರಿನ ಮೇಲೆ, ಎಲ್ಲ ಕಡೆ ಫಳಫಳ ಬಿಸಿಲು. ಗುಮ್ಮಟದೊಳಗೆ ಮಾತ್ರ ಗುಂಡಿ ಕಣ್ಣು. ಕಿವಿ ಎರಡೂ ಪಕ್ಕಕ್ಕೆ ಮಲಗಿದೆ. ಬಾಲ ಮೈಗೆ ಬಿಗಿದು ಸುತ್ತಿದೆ. ಕೆಳಗೆ ಮಾಲೀಕರ ಬರಹ: ನಮ್ಮ ಚಿನ್ನಿಗೆ ತುಂಬಾ ಇಷ್ಟ ಆಯ್ತು, ಐದು ನಕ್ಷತ್ರ. ಸುಮ್ನೆ ಹೇಳ್ತಿಲ್ಲ, ನಾನು ಎಣಿಸಿದ ಇಪ್ಪತ್ತು ಫೋಟೋದಲ್ಲಿ ಕಾಜಾ ಕಣ್ಣು ಇದ್ದದ್ದು ಮೂರಕ್ಕೆ. ಅದರಲ್ಲಿ ಒಂದು ಬೊಂಬೆ ಬೆಕ್ಕು.

ಕಂಪನಿಗೆ ಬರೆದೆ. ಗಾಳಿ ಸಾಲುವುದಿಲ್ಲ, ಬೆಕ್ಕು ಬಾಯಿ ಬಿಟ್ಟು ಉಸಿರಾಡಿತು ಅಂತ ಆಟೋದ ಫೋಟೋ ಸಮೇತ. ಮೂರು ದಿನ ಬಿಟ್ಟು ಉತ್ತರ ಬಂತು. "ನಿಮ್ಮ ಬೆಕ್ಕು ಪ್ರಯಾಣವನ್ನು ಆನಂದಿಸುತ್ತಿರುವುದು ನೋಡಿ ಖುಷಿಯಾಯಿತು." ವಾಪಸ್ ಕಳಿಸುವ ಅವಧಿ ಮುಗಿದಿದೆ ಅಂತ ಕೊನೆಗೊಂದು ಸಾಲು. ಅವರನ್ನು ಬೈಯೋಕೆ ಬಾಯಿ ಬರಲಿಲ್ಲ. ಅದೇ ಫೋಟೋ ನೋಡಿ ನನ್ನ ತಂಗಿ ನಾಲ್ಕು ಹೃದಯ ಕಳಿಸಿರಲಿಲ್ಲವೇ.

ಇಲ್ಲೊಂದು ಮಾತು ಹೇಳದಿದ್ದರೆ ನೀವು ನನ್ನ ಹಾಗೇ ಇನ್ನೊಂದು ತಪ್ಪು ಮಾಡ್ತೀರಿ. ಗುಂಡಿ ಕಣ್ಣು ಅಂದರೆಲ್ಲ ಹೆದರಿಕೆ ಅಲ್ಲ. ನಾನು ಪೈಪಿಂಗ್ ಪಟ್ಟಿ ಎಳೆಯುವಾಗ ಅದರ ತುದಿ ಮೇಜಿನಿಂದ ಜೋತು ಆಡುತ್ತದೆ. ಶೆಟ್ಲಿ ಅದನ್ನು ಕಂಡ ಕೂಡಲೇ ಮೈ ನೆಲಕ್ಕೆ ಅಂಟಿಸುತ್ತಾನೆ. ಕಣ್ಣಿನ ಕಾಜಾ ನೋಡುತ್ತಿದ್ದಂತೆಯೇ ಗುಂಡಿಯಾಗುತ್ತದೆ. ಆದರೆ ಕಿವಿ ಮುಂದಕ್ಕೆ ನಿಮಿರಿರುತ್ತದೆ, ಮೀಸೆಯೂ ಮುಂದಕ್ಕೆ. ಹಿಂಭಾಗ ಎರಡು ಸಲ ಅಲುಗುತ್ತದೆ. ಆಮೇಲೆ ಹಾರಿದ! ಅದು ಆಟದ ಹುರುಪು. ಬ್ಯಾಗಿನೊಳಗೆ ಅದೇ ಗುಂಡಿ ಕಣ್ಣಿನ ಜೊತೆ ಕಿವಿ ಮಲಗಿತ್ತು, ಮೈ ಮುದುಡಿ ಹಿಂದಕ್ಕೆ ಸರಿದಿತ್ತು. ಬರೀ ಅಂಚು ನೋಡಿ ಸೀರೆ ಕೊಂಡರೆ ಮನೆಗೆ ಬಂದ ಮೇಲೆ ಸೆರಗು ಬೇರೆಯೇ ಇರುತ್ತದೆ. ಕಣ್ಣು, ಕಿವಿ, ಮೀಸೆ, ಬಾಲ, ನಾಲ್ಕನ್ನೂ ಹರಡಿ ನೋಡಬೇಕು. (ದಾರದ ವಿಷಯ ಬಂತು, ಹೇಳಿಬಿಡುತ್ತೇನೆ. ಬೆಕ್ಕು ದಾರ ನುಂಗಿದರೆ ಕರುಳಿಗೆ ಸಿಕ್ಕಿ ಪ್ರಾಣಕ್ಕೇ ಬರುತ್ತದೆ. ಬಾಯಿಂದಲೋ ಹಿಂದಿನಿಂದಲೋ ತುದಿ ಕಂಡರೆ ಎಳೆಯಲೇಬೇಡಿ, ಡಾಕ್ಟರ ಹತ್ತಿರ ಓಡಿ. ನಾನು ಈಗ ಸೂಜಿ ದಾರ ಎಲ್ಲ ಮುಚ್ಚಳದ ಡಬ್ಬಿಯಲ್ಲೇ ಇಡುವುದು.)

ಬಾಲ ಓದುವುದು ಕಣ್ಣಿಗಿಂತ ಸುಲಭ. ಗೇಟಿನ ಸದ್ದು ಕೇಳಿದರೆ ಬಾಲ ನೆಟ್ಟಗೆ ಮಾಡಿ, ತುದಿಯನ್ನು ಮಾತ್ರ ಕೊಕ್ಕೆಯ ಹಾಗೆ ಬಗ್ಗಿಸಿ ಬರ್ತಾನೆ. ಅದು ನಮಸ್ಕಾರ. ಮರಿ ತನ್ನ ತಾಯಿಯ ಹತ್ತಿರ ಹೋಗುವಾಗಲೂ ಹೀಗೇ ಬಾಲ ಎತ್ತುತ್ತದೆ. ಬಾಲ ಪಟಪಟ ನೆಲಕ್ಕೆ ಬಡಿದರೆ ಅದು ನಾಯಿಯ ಸಂತೋಷವಲ್ಲ, "ಸಾಕು, ಕೈ ತೆಗಿ" ಅಂತ. ನಮ್ಮ ಮನೆಯವರಿಗೆ ಇದು ಇನ್ನೂ ತಲೆಗೆ ಹೋಗಿಲ್ಲ, ಅವರ ಕೈಯಲ್ಲಿ ಯಾವಾಗಲೂ ಗೀರು. ಹೊಟ್ಟೆ ತೋರಿಸಿ ಮಲಗಿದರೂ ಅಷ್ಟೇ. ನಿನ್ನ ಮೇಲೆ ನಂಬಿಕೆ ಉಂಟು ಅಂತ ಹೇಳುವುದು ಅದು, ಹೊಟ್ಟೆ ಸವರು ಅಂತ ಅಲ್ಲ.

ನೆಟ್ಟ ನೋಟವೂ ಹಾಗೇ. ನಾವು ಪ್ರೀತಿಯಿಂದ ದಿಟ್ಟಿಸಿದರೆ ಬೆಕ್ಕಿಗೆ ಅದು ಜಗಳಕ್ಕೆ ಕರೆದ ಹಾಗೆ. ಡಾಕ್ಟರಮ್ಮ ಆವತ್ತು ಲಸಿಕೆ ಹಾಕುವ ಮೊದಲು ಪಕ್ಕಕ್ಕೆ ತಿರುಗಿ ಕೂತು, ಅವನ ಕಡೆ ಅರೆಗಣ್ಣು ಮಾಡಿ ನಿಧಾನ ಮುಚ್ಚಿ ತೆರೆದಿದ್ದರು. ನಿದ್ದೆ ಬಂದಿರಬೇಕು ಪಾಪ ಅಂದುಕೊಂಡಿದ್ದೆ. ಅದು ಬೆಕ್ಕಿನ ಭಾಷೆಯಂತೆ. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಮಾಲೀಕರು ಹೀಗೆ ನಿಧಾನ ಕಣ್ಣು ಮಿಟುಕಿಸಿದರೆ ಬೆಕ್ಕೂ ಜಾಸ್ತಿ ಸಲ ಮಿಟುಕಿಸಿತು. ಹೊಸಬರು ಮಿಟುಕಿಸಿ ಕೈ ಚಾಚಿದರೆ, ಸುಮ್ಮನೆ ಮುಖ ಮಾಡಿ ಕೂತವರಿಗಿಂತ ಅವರ ಹತ್ತಿರ ಬಂದದ್ದು ಹೆಚ್ಚು. ನಾನು ಮಿಷನ್ ನಿಲ್ಲಿಸಿ ದಿನಾ ಪ್ರಯೋಗ ಮಾಡಿದೆ. ಮೊದಲೆರಡು ದಿನ ಶೆಟ್ಲಿ ಆಕಳಿಸಿದ. ಮೂರನೇ ದಿನ ಅವನ ರೆಪ್ಪೆ ಅರ್ಧ ಇಳಿಯಿತು, ನಿಂತಿತು, ಪೂರ್ತಿ ಮುಚ್ಚಿತು, ಮತ್ತೆ ತೆರೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು ಅಂತ ಅತ್ತೆ ಎಷ್ಟು ಸಲ ಯಾರ್ಯಾರಿಗೆ ಚುಚ್ಚಿದ್ದಾರೋ. ಕಣ್ಣು ಮುಚ್ಚುವ ಬೆಕ್ಕು ಕಳ್ಳ ಬೆಕ್ಕು ಅಂತಲೇ ನಾನು ನಂಬಿದ್ದೆ.

ಬ್ಯಾಗಿಗೆ ಬರೋಣ. ದುಡ್ಡು ಕೊಟ್ಟಾಗಿದೆ, ಬಿಸಾಡೋಕೆ ಮನಸ್ಸಿಲ್ಲ. ಬ್ಲೌಸು ಬಿಗಿಯಾದರೆ ಬಿಚ್ಚಿ ಹೊಲಿಯುವುದಿಲ್ಲವೇ? ಗುಮ್ಮಟ ತಿರುಗಿಸಿ ತೆಗೆದೆ. ಡ್ರಾಯರಿನಲ್ಲಿದ್ದ ದುಂಡು ನೆಟ್ ಹಾಕಿದೆ. ಪಕ್ಕದ ನೆಟ್ಟಿನ ಹಿಂದಿನ ಬಟ್ಟೆ ಕತ್ತರಿಸಿ, ನಾಲ್ಕು ಇಂಚನ್ನು ಎಂಟಕ್ಕೆ ಏರಿಸಿದೆ. ಗಟ್ಟಿ ನೆಟ್ಟಿಗೆ ಅರವತ್ತು ರೂಪಾಯಿ ಆಯ್ತು. ಮನೆಯವರ ಹಳೆ ಲುಂಗಿಯಿಂದ ಎದುರಿಗೊಂದು ಪರದೆ ಹೊಲಿದೆ, ಬೇಕಾದರೆ ಇಳಿಬಿಡುವ ಹಾಗೆ. ಹೆದರಿದ ಬೆಕ್ಕಿಗೆ ಮೊದಲು ಬೇಕಾದದ್ದು ಅಡಗುವ ಜಾಗ. ಗುಮ್ಮಟ ಕೊಡುವುದು ಅದರ ಉಲ್ಟಾ: ಎಲ್ಲರಿಗೂ ಕಾಣುವ ಜಾಗ. ತಳಕ್ಕೆ ಹಳೇ ಕಟಿಂಗ್ ಹಲಗೆಯ ಚೂರು ಇಟ್ಟು ಮೇಲೆ ಅತ್ತೆಯ ಹತ್ತಿ ಸೀರೆ ಮಡಚಿ ಹಾಕಿದೆ. ಜಿಪ್ಪು ಬದಲಾಯಿಸಿದೆ. ಇಷ್ಟಕ್ಕೆ ಒಂದು ಭಾನುವಾರ ಪೂರ್ತಿ ಹೋಯ್ತು, ಗಿರಾಕಿಯ ಕೆಲಸವಾಗಿದ್ದರೆ ಮುನ್ನೂರು ಕೇಳುತ್ತಿದ್ದೆ.

ಆಮೇಲೆ ಬ್ಯಾಗನ್ನು ಬಾಯಿ ತೆರೆದು ಮಿಷನ್ನಿನ ಕೆಳಗೆ ನೆಲದಲ್ಲಿ ಇಟ್ಟುಬಿಟ್ಟೆ. ಒತ್ತಾಯ ಇಲ್ಲ. ಅಷ್ಟರಲ್ಲಿ ಜೂನ್ ಬಂದಿತ್ತು. ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್ ಕಡಲಿಗೆ ಇಳಿಯುವ ಹಾಗಿಲ್ಲ, ಹಸಿ ಮೀನಿಗೆ ಚಿನ್ನದ ಬೆಲೆ. ಒಣ ತಾರ್ಲೆ ಮೀನನ್ನು ನೀರಲ್ಲಿ ನೆನೆಸಿ ಉಪ್ಪು ತೊಳೆದು, ಒಂದು ಚೂರು ಬ್ಯಾಗಿನ ಬಾಯಲ್ಲಿ, ಮರುದಿನ ಸ್ವಲ್ಪ ಒಳಗೆ. ಮೊದಲ ವಾರ ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಹೊರಗೇ ಬಿಟ್ಟು ತಿಂದ. ಎರಡನೇ ವಾರ ಒಳಗೆ ಹೋಗಿ ತಿರುಗಿ ಕೂತ. ಒಂದು ಮಧ್ಯಾಹ್ನ ನಾನು ಕಾಜಾ ಹಾಕುತ್ತಿದ್ದೆ, ಕಾಲ ಹತ್ತಿರ ಗುರುಗುರು ಸದ್ದು. ಬಗ್ಗಿ ನೋಡಿದರೆ ಲುಂಗಿ ಪರದೆಯ ಸಂದಿನಲ್ಲಿ ಒಂದು ಕಣ್ಣು. ಅದರ ನಡುವೆ ಸಣ್ಣ ಗೆರೆ.

ನಾನು ಕಲಿತದ್ದಕ್ಕೂ ಬ್ಯಾಗಿಗೂ ಪರೀಕ್ಷೆ ಜುಲೈ ಕೊನೆಗೆ ಬಂತು. ಸಂಜೆ ಶೆಟ್ಲಿ ಮೇಜಿನ ಮೇಲೆ ಅರೆಗಣ್ಣು ಮಾಡಿ ಕೂತಿದ್ದ. ನಾನೂ ಅರೆಗಣ್ಣು ಮಾಡಿದೆ. ಅವನು ಮಿಟುಕಿಸಲಿಲ್ಲ. ಗುರುಗುರು ಅನ್ನುತ್ತಿದ್ದ, ಆದ್ದರಿಂದ ಚಿಂತೆ ಮಾಡಲಿಲ್ಲ. ಹತ್ತು ನಿಮಿಷ ಬಿಟ್ಟು ನೋಡಿದರೂ ಹಾಗೇ. ಆಗ ಬರೀ ಕಣ್ಣು ಬಿಟ್ಟು ಉಳಿದದ್ದು ನೋಡಿದೆ. ತಲೆ ಭುಜಕ್ಕಿಂತ ಕೆಳಗೆ ಇಳಿದಿದೆ. ಮೂತಿ ಬಿಗಿದಿದೆ. ಯಾವಾಗಲೂ ಸಡಿಲವಾಗಿ ಬಾಗಿರುವ ಮೀಸೆ ತಂತಿಯ ಹಾಗೆ ನೇರವಾಗಿದೆ. ಕಿವಿ ಒಂದರಿಂದ ಒಂದು ದೂರ ಸರಿದು ಹೊರಕ್ಕೆ ತಿರುಗಿದೆ. ದನದ ಆಸ್ಪತ್ರೆಯ ಗೋಡೆ ಮೇಲೆ ಇದೇ ಮುಖದ ಚಿತ್ರ ಇತ್ತು! ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಮಾಡಿದ ನೋವಿನ ಅಳತೆ ಅದು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಐದಕ್ಕೂ ಸೊನ್ನೆಯಿಂದ ಎರಡರ ತನಕ ಅಂಕ. ಹತ್ತರಲ್ಲಿ ನಾಲ್ಕು ಇಲ್ಲಾ ಅದಕ್ಕಿಂತ ಹೆಚ್ಚು ಬಂದರೆ ನೋವಿಗೆ ಮದ್ದು ಬೇಕು ಅಂತ ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ನಾನು ಹಾಕಿದ ಲೆಕ್ಕ ಏಳು. ಗುರುಗುಟ್ಟುವುದು ಖುಷಿಗೇ ಅಂತ ಇಲ್ಲ, ನೋವಲ್ಲೂ ಬೆಕ್ಕು ಗುರುಗುಟ್ಟುತ್ತದೆ.

ಬೆಳಿಗ್ಗೆ ಬಿರುಮಳೆಯಲ್ಲೇ ಬ್ಯಾಗು ತೆರೆದೆ. ತಾನೇ ಹೋಗಿ ಕೂತ. ಪರದೆ ಇಳಿಬಿಟ್ಟೆ. ಆಟೋದಲ್ಲಿ ಸಂದಿನಿಂದ ಎರಡು ಸಲ ನೋಡಿದೆ. ಕಣ್ಣು ಕಾಜಾವೂ ಅಲ್ಲ ಗುಂಡಿಯೂ ಅಲ್ಲ, ಬಾದಾಮಿಯಷ್ಟು. ಮಳೆಯ ಮಬ್ಬಿಗೆ ಅಷ್ಟು ಸರಿ. ಒಂದು ಕಿವಿ ಹಿಂದೆ ತಿರುಗಿಸಿ ರಸ್ತೆ ಸದ್ದು ಕೇಳುತ್ತಿದ್ದ. ಬಾಯಿ ಮುಚ್ಚಿತ್ತು. ಡಾಕ್ಟರಮ್ಮ ಹಿಂಗಾಲಿನ ಮೇಲ್ಭಾಗದ ಕೂದಲು ಸರಿಸಿ ತೋರಿಸಿದರು. ಬೇರೆ ಗಂಡು ಬೆಕ್ಕು ಕಚ್ಚಿದ ಎರಡು ಹಲ್ಲಿನ ತೂತು. ಮೇಲೆ ಮುಚ್ಚಿಕೊಂಡು ಒಳಗೆ ಕೀವು ತುಂಬಿತ್ತು. ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, ಒಂದು ವಾರದ ಮಾತ್ರೆ ಬರೆದರು. ಬೀಜ ತೆಗೆಸದಿದ್ದರೆ ಮತ್ತೆ ಇದೇ ಕಥೆ ಅಂತಲೂ ಅಂದರು. ಸೆಪ್ಟೆಂಬರಿನಲ್ಲಿ ಅದನ್ನೂ ಮಾಡಿಸಿದೆ.

ಹಾಗಾದರೆ ಬ್ಯಾಗು ಕೊಳ್ಳಬಹುದಾ ಅಂತ ಕೇಳಿದರೆ, ಬಂದ ಹಾಗೆಯೇ ಆದರೆ ಬೇಡ. ಐದಕ್ಕೆ ಒಂದೂವರೆ ಕೊಡುತ್ತೇನೆ, ಅದೂ ಭುಜದ ಪಟ್ಟಿಯ ಹೊಲಿಗೆಗೆ. ನಮ್ಮ ಕರಾವಳಿಯ ಸೆಖೆಗೆ ಆ ಗುಮ್ಮಟ ಹೊಂದುವುದೇ ಇಲ್ಲ, ಬಿಸಿಲು ಬಿದ್ದರೆ ಒಳಗೆ ಒಲೆ. ಸರಿ ಮಾಡಿಸಿಕೊಂಡ ಮೇಲೆ ಮೂರು. ಉಳಿದ ಎರಡು ಯಾಕಿಲ್ಲ ಅಂದರೆ, ಬ್ಯಾಗು ಎತ್ತರಕ್ಕಿದೆ, ಅಗಲಕ್ಕಿಲ್ಲ. ದೊಡ್ಡ ಬೆಕ್ಕು ಕಾಲು ಚಾಚಿ ಮಲಗಲು ಆಗುವುದಿಲ್ಲ. ಅಂಕೋಲೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದಾಗ ಅರ್ಧ ದಾರಿಯಿಂದ ಬಾಲದ ತುದಿ ಪಟಪಟ ಶುರುವಾಯಿತು. ತಂಗಿಯ ಮನೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬುಟ್ಟಿ ಇದೆ, ಮೇಲಿನಿಂದಲೂ ಬಾಗಿಲು ತೆರೆಯುವಂಥದ್ದು, ಒಂಬೈನೂರಕ್ಕೆ ತಂದಳಂತೆ. ನೋಡಲು ತರಕಾರಿ ಕ್ರೇಟಿನ ಹಾಗಿದೆ. ಮೇಲೊಂದು ಟವೆಲ್ ಹೊದೆಸಿದರೆ ಮುಗೀತು. ನನ್ನ ಕೈಯಲ್ಲಿ ಇನ್ನೊಮ್ಮೆ ಸಾವಿರದ ಐನೂರು ಇದ್ದರೆ ಅದನ್ನೇ ತಂದು ಉಳಿದದ್ದಕ್ಕೆ ಬಂಗಡೆ ತರುತ್ತೇನೆ. ಮರಿ ಬೆಕ್ಕಿಗೆ, ಗಾಡಿಯಲ್ಲಿ ಹತ್ತು ನಿಮಿಷದ ದಾರಿಗೆ, ನೆಟ್ ಹಾಕಿ ಪರದೆ ಬಿಟ್ಟರೆ ಈ ಬ್ಯಾಗು ನಡೆಯುತ್ತದೆ. ಕೊಳ್ಳುವ ಮೊದಲು ಜನರ ಬರಹ ಓದಬೇಡಿ, ಫೋಟೋದಲ್ಲಿ ಬೆಕ್ಕಿನ ಕಣ್ಣು ನೋಡಿ, ಆಮೇಲೆ ಹೊರಗಿನ ಬೆಳಕು ನೋಡಿ.

ಗುಮ್ಮಟ ಮಾತ್ರ ಒಳ್ಳೆ ಪ್ಲಾಸ್ಟಿಕ್ಕು, ಸುಳ್ಳು ಹೇಳಬಾರದು. ಒಂದು ಗೀರೂ ಬಿದ್ದಿಲ್ಲ. ಮಗುಚಿಟ್ಟು ಅದರಲ್ಲಿ ಬಿಡಿ ಗುಂಡಿ ಹಾಕಿಟ್ಟಿದ್ದೇನೆ. ಬೇಕಾದ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಶೆಟ್ಲಿ ದಿನಕ್ಕೊಮ್ಮೆ ಬಂದು ಅದಕ್ಕೆ ಕೈ ಹಾಕಿ ಒಂದು ಗುಂಡಿ ಕೆಳಗೆ ಬೀಳಿಸುತ್ತಾನೆ, ಕಿವಿ ಮುಂದಕ್ಕೆ ಮಾಡಿಕೊಂಡು.